ಹಗ್ಗದ ಗಾಡಿ ನಡೆಸಿ ಮನೆಗಾಡಿ ಕೊಂಡಿದ್ದು

ಹಳೇ ಡೀಸೆಲ್ ಗಾಡಿ ಕೊಳ್ಳಲು ಹೊರಟವನ ಮುಖ ನೋಡಿದ್ದೀರಾ? ಹೆಣ್ಣು ನೋಡಲು ಹೊರಟ ಗಂಡಿನ ಮುಖವೂ ಅಷ್ಟು ಅರಳಿರುವುದಿಲ್ಲ. ಅಂಗಿಗೆ ಇಸ್ತ್ರಿ ಹಾಕಿಸಿ, ತಲೆಗೆ ಎಣ್ಣೆ ಹಚ್ಚಿ, ಜೊತೆಗೆ ಭಾವಮೈದುನನನ್ನೋ ಷಡ್ಡಕನನ್ನೋ ಕಟ್ಟಿಕೊಂಡು ಬಂದಿರುತ್ತಾನೆ. ಆ ಸಡಗರದಲ್ಲಿ ಅವನಿಗೆ ಗಾಡಿಯ ಬಣ್ಣ ಕಾಣುತ್ತದೆ, ಹಾರನ್ನು ಕೇಳುತ್ತದೆ, ಅಷ್ಟೇ. ಅವನ ಪರವಾಗಿ ಮಿಕ್ಕದ್ದನ್ನೆಲ್ಲ ನೋಡುವುದು, ಕೇಳುವುದು, ಮೂಸುವುದು ನನ್ನ ಕೆಲಸವಾಗಿತ್ತು. ರಾಮನಗರದಲ್ಲಿ ಮೈಸೂರು ರಸ್ತೆಯ ಪಕ್ಕ ತಗಡಿನ ಷೆಡ್ಡು ಹಾಕಿಕೊಂಡು, ಬದುಕಿನ ಬಹುಪಾಲು ಡೀಸೆಲ್ ಎಂಜಿನ್ನುಗಳ ಹೊಟ್ಟೆಯೊಳಗೆ ಕೈ ಇಟ್ಟುಕೊಂಡೇ ಕಳೆದವನು ನಾನು. ಜನ ಡೀಸೆಲ್ ಸಿದ್ದಣ್ಣ ಎನ್ನುತ್ತಿದ್ದರು. ಈಗ ಷೆಡ್ಡು ನನ್ನ ತಮ್ಮನ ಮಗನದು. ನಾನು ಬೆಳಿಗ್ಗೆ ಹೋಗಿ ಕುರ್ಚಿಯಲ್ಲಿ ಕೂತು, ಯಾರೂ ಕೇಳದಿದ್ದರೂ ಸಲಹೆ ಕೊಟ್ಟು, ಬೈಸಿಕೊಂಡು ಬರುತ್ತೇನೆ.

ಈ ಕಸುಬಿಗೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರನ್ನು ನೋಡಿದರೆ ನನಗೆ ಸಂತೋಷವೂ ಆಗುತ್ತದೆ, ಒಳಗೊಳಗೇ ಹೊಟ್ಟೆಕಿಚ್ಚೂ ಆಗುತ್ತದೆ. ನೀವು ಒಂದು ವೈರು ಚುಚ್ಚಿದರೆ ಸಾಕು, ಎಂಜಿನ್ನು ತನ್ನ ರೋಗವನ್ನು ತಾನೇ ಒಪ್ಪಿಸುತ್ತದೆ. ನಮಗೆ ಅದು ಬಾಯಿ ಬಿಡುತ್ತಿರಲಿಲ್ಲ. ಮಾಗಡಿಯಲ್ಲಿ ನನಗೆ ಕೆಲಸ ಕಲಿಸಿದ ಉಸ್ತಾದರು ಕಣ್ಣು ಕಟ್ಟಿ ನಿಲ್ಲಿಸುತ್ತಿದ್ದರು. ಎಂಜಿನ್ ಸ್ಟಾರ್ಟ್ ಮಾಡಿ, "ಬೋಲ್ ಬೇಟಾ, ಯಾವ ಸಿಲಿಂಡರು ಅಳ್ತಾ ಐತೆ?" ಎನ್ನುತ್ತಿದ್ದರು. ತಪ್ಪು ಹೇಳಿದರೆ ಸ್ಪ್ಯಾನರಿನಿಂದ ಮೊಣಕಾಲಿಗೆ ಒಂದು. ಸರಿ ಹೇಳಿದರೂ ಒಂದು, ತಡವಾಗಿ ಹೇಳಿದೆ ಎಂದು. ಅವರ ಮೇಲೆ ನನಗೆ ಆಗ ಕೆಂಡದಂಥ ಕೋಪ. ಈಗ ನೆನೆದರೆ ಕಣ್ಣು ತುಂಬುತ್ತದೆ. ನನ್ನ ಕಿವಿಯನ್ನು ಮಾಡಿದವರು ಅವರು.

ಎರಡು ಸಾವಿರದ ಆಚೆಗೆ ನಮ್ಮ ಕಡೆ ಏನಾಯಿತು ಎನ್ನುವುದನ್ನು ನೋಡಿದವರೇ ನಂಬಬೇಕು. ಬಿಡದಿ ಕಡೆ ಕಾರ್ಖಾನೆ, ಹಾರೋಹಳ್ಳಿ ಕಡೆ ಕಾರ್ಖಾನೆ. ಮೈಸೂರು ರಸ್ತೆ ಅಗಲವಾಯಿತು. ಪಾಳಿ ಕೆಲಸಕ್ಕೆ ಜನರನ್ನು ಹೊರಲು ವ್ಯಾನುಗಳು ಹಿಂಡುಹಿಂಡಾಗಿ ಬಂದವು, ಅವು ಒಂದಷ್ಟು ವರ್ಷ ದುಡಿದು ಸೆಕೆಂಡ್ ಹ್ಯಾಂಡ್ ಸಂತೆಗೆ ಇಳಿದವು. ರೇಷ್ಮೆಗೂಡು ಸಾಗಿಸುವವನಿಗೆ ಗಾಡಿ, ಹಾಲಿನವನಿಗೆ ಗಾಡಿ, ಮಾವಿನಕಾಯಿಯವನಿಗೆ ಗಾಡಿ. ಎಲ್ಲರಿಗೂ ಒಂದೇ ಆಸೆ, ಒಂದೇ ಅವಸರ. ನನಗಂತೂ ಹಬ್ಬ. ಊಟದ ತಟ್ಟೆ ಮುಂದಿದ್ದಾಗಲೂ ಯಾರಾದರೂ "ಸಿದ್ದಣ್ಣ, ಒಂದು ಗಾಡಿ ಐತೆ, ನೋಡನ ಬಾ" ಎಂದರೆ ಕೈ ತೊಳೆದು ಎದ್ದುಬಿಡುತ್ತಿದ್ದೆ. ನನ್ನ ಹೆಂಡತಿ ತಟ್ಟೆಯನ್ನೇ ನೋಡುತ್ತ ನಿಲ್ಲುತ್ತಿದ್ದಳು.

ಗಾಡಿ ತೋರಿಸುವುದಕ್ಕೆ ನಮ್ಮ ಬ್ರೋಕರುಗಳಿಗೆ ಒಂದು ಮೆಚ್ಚಿನ ಜಾಗವಿತ್ತು, ಕೆಂಗಲ್. "ಆಂಜನೇಯನ ಮುಂದೆ ನಿಂತ್ಕಂಡು ಮಾತಾಡನ, ಸುಳ್ಳಿಗೆ ಜಾಗ ಇರಕಿಲ್ಲ" ಎನ್ನುತ್ತಿದ್ದರು. ಕೇಳಲು ಎಷ್ಟು ಚೆನ್ನ! ಆದರೆ ಕೆಂಗಲ್‌ವರೆಗೆ ಓಡಿ ಬಂದ ಎಂಜಿನ್ನು ಬಿಸಿಯಾಗಿರುತ್ತದೆ. ಬಿಸಿ ಎಂಜಿನ್ನು ಒಂದೇ ಸೆಲ್ಫ್ ಸ್ಟಾರ್ಟಿಗೆ ಏಳುತ್ತದೆ, ಕೆಟ್ಟ ಎಂಜಿನ್ನೂ ಅಷ್ಟೇ ವಿನಯದಿಂದ ಏಳುತ್ತದೆ. ಬಾನೆಟ್ಟಿನ ಮೇಲೆ ಆಗಲೇ ಅರಿಶಿನ ಕುಂಕುಮ ಇಟ್ಟು, ಈ ತುದಿಯಿಂದ ಆ ತುದಿಗೆ ಸೇವಂತಿಗೆ ಹಾರ ಹಾಕಿರುತ್ತಾರೆ. ಹಾರ ಕಿತ್ತು ಬಾನೆಟ್ಟು ಎತ್ತಿ ಎನ್ನುವ ಧೈರ್ಯ ಯಾರಿಗೆ? ನಮ್ಮ ಜನ ಕೈ ಮುಗಿದು ಮುಂಗಡ ಕೊಟ್ಟುಬಿಡುತ್ತಿದ್ದರು.

ಅದಕ್ಕೆ ನಾನೊಂದು ದಾರಿ ಕಂಡುಕೊಂಡೆ. ಬ್ರೋಕರು ಎಷ್ಟು ಭಕ್ತನೋ ನಾನು ಅದಕ್ಕಿಂತ ದೊಡ್ಡ ಭಕ್ತನಾದೆ. "ಮೊದಲು ದೇವರು, ಆಮೇಲೆ ಯಾಪಾರ" ಎಂದು ಅವನ ಕೈ ಹಿಡಿದು ಗುಡಿಯೊಳಗೆ ಕರೆದೊಯ್ಯುವುದು, ಪ್ರದಕ್ಷಿಣೆ ಹಾಕುವುದು, ಕೂರುವುದು, ಮತ್ತೆ ಪ್ರದಕ್ಷಿಣೆ, ಮಂಗಳಾರತಿಗೆ ಕಾಯುವುದು. ಅವನು ಚಡಪಡಿಸುತ್ತಾನೆ, ನಾನು ಕಣ್ಣು ಮುಚ್ಚಿಕೊಳ್ಳುತ್ತೇನೆ. ಹೊರಗೆ ಎಂಜಿನ್ನು ತಣ್ಣಗಾಗುತ್ತಿರುತ್ತದೆ. ಹಾರವನ್ನು ನಾನೇ ಭಕ್ತಿಯಿಂದ ತೆಗೆದು ಕಣ್ಣಿಗೊತ್ತಿಕೊಂಡು ಬ್ರೋಕರನ ಕೊರಳಿಗೆ ಹಾಕಿ, ಬಾನೆಟ್ಟು ಎತ್ತುತ್ತಿದ್ದೆ.

ಈ ಎಲ್ಲ ವಿದ್ಯೆಗೂ ನಿಜವಾದ ಪರೀಕ್ಷೆ ಬಂದದ್ದು ಜಯಮ್ಮನಿಂದ.

ಜಯಮ್ಮ ಚನ್ನಪಟ್ಟಣದ ಹತ್ತಿರದ ಹಳ್ಳಿಯವಳು. ಮನೆಯ ಪಡಸಾಲೆಯಲ್ಲೇ ಲೇತು ಇಟ್ಟುಕೊಂಡು ಹಾಲೆ ಮರದ ಬೊಂಬೆ ಕಡೆಯುತ್ತಿದ್ದಳು. ಗಂಡ ಶಿವಣ್ಣ ಡೈರಿಯ ಹಾಲಿನ ಲಾರಿ ಓಡಿಸುತ್ತಿದ್ದ. ಬೊಂಬೆಗೆ ಹಚ್ಚುವ ಅರಗನ್ನು ಇದ್ದಿಲ ಕೆಂಡದಲ್ಲಿ ಮೆದು ಮಾಡಿ ಬಣ್ಣ ಕೂಡಿಸುವ ಕೆಲಸ ಅತ್ತೆ ನಿಂಗವ್ವನದು. ಅರಿಶಿನ, ನೀಲಿ, ಕಾಚು ಇವನ್ನು ಹದವಾಗಿ ಬೆರೆಸಿ ಆಕೆ ಮಾಡುತ್ತಿದ್ದ ಅರಗಿನ ಕಡ್ಡಿಗಳು ಬೇರೆಯವರಿಗೆ ಬರುತ್ತಿರಲಿಲ್ಲ. ಅತ್ತೆ ಸೊಸೆ ಇಬ್ಬರೂ ಊರೂರಿನ ಪ್ರದರ್ಶನಗಳಿಗೆ ಹೋಗಿ ಮಾರಿ ಬರುತ್ತಿದ್ದರು. ಒಂದು ದಿನ ನಿಂಗವ್ವ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕೈ ಆಡುತ್ತದೆ, ಬಾಯಿ ಇನ್ನೂ ಚೆನ್ನಾಗಿ ಆಡುತ್ತದೆ, ಆದರೆ ಕೂರುವುದು ಒಸಿ ಹೊತ್ತು, ಮಿಕ್ಕಂತೆ ಮಲಗಿಯೇ ಇರಬೇಕು. ಪ್ರದರ್ಶನ ನಿಂತಿತು. ವ್ಯಾಪಾರಿಯೊಬ್ಬ ಬಂದು, ಲೇತು ನನಗೆ ಮಾರಿಬಿಡಿ ಎಂದು ಕೇಳಿ ಹೋಗಿದ್ದ. ದೀಪಾವಳಿ ಕಳೆದ ಮೇಲೆ ಮಂಗಳೂರಿನಲ್ಲಿ ದೊಡ್ಡ ಪ್ರದರ್ಶನವಿತ್ತು. ಅದಕ್ಕೆ ಹೋಗಲಾಗದಿದ್ದರೆ ಲೇತು ಅವನ ಪಾಲು ಎಂದು ಮನೆಯಲ್ಲಿ ಮಾತಾಗಿತ್ತು.

"ಅತ್ತೇನ ನಾದ್ನಿ ಮನೇಲಿ ಬುಟ್ಟೋಗು ಅಂತಾರೆ ಸಿದ್ದಣ್ಣ," ಎಂದಳು ಜಯಮ್ಮ ನನ್ನ ಷೆಡ್ಡಿಗೆ ಬಂದು. "ನಂಗೆ ಲೇತು ಕಲಿಸ್ದೋರು ಅವ್ರು. ಬಣ್ಣ ಅವ್ರದು. ಅವ್ರನ್ನ ಬುಟ್ಟು ನಾನೊಬ್ಳೇ ಓಗಿ ಏನ್ ಮಾರ್ಲಿ? ಅವ್ರು ಮಲಗ್ಕಂಡೇ ಬರೋ ಅಂತ ಗಾಡಿ ಬೇಕು. ಗಂಜಿ ಕಾಯ್ಸಕೆ ಒಸಿ ಜಾಗ, ಬೊಂಬೆ ಇಡಕೆ ಒಸಿ ಜಾಗ. ಮನೇನೇ ಎತ್ಕಂಡು ಓದಂಗಿರ್ಬೇಕು."

ನನ್ನ ಮೈ ಜುಮ್ಮೆಂದಿತು. ಅಷ್ಟು ವರ್ಷದಲ್ಲಿ ಮಾವಿನಕಾಯಿಗೆ ಗಾಡಿ ನೋಡಿದ್ದೆ, ಗೂಡಿಗೆ ನೋಡಿದ್ದೆ, ಮನುಷ್ಯರು ಬಾಳುವುದಕ್ಕೆ ಗಾಡಿ ನೋಡಿರಲಿಲ್ಲ. ಮನೆಗಾಡಿ! ಮಾರನೇ ದಿನವೇ ಹೊರಟೆ. ಕನಕಪುರ ರಸ್ತೆಯ ಒಂದು ಯಾರ್ಡಿನಲ್ಲಿ ಹಳೇ ಟೂರಿಸ್ಟ್ ಬಸ್ಸು ನಿಂತಿತ್ತು. ಆರು ಸಿಲಿಂಡರಿನ ಎಂಜಿನ್. ತಣ್ಣಗಿದ್ದದ್ದು ಒಂದೇ ಸಲಕ್ಕೆ ಎದ್ದು ಗುಡುಗುಡು ಎಂದು ಹೂಂಕರಿಸಿತು. ಹೊಗೆಯಿಲ್ಲ, ನಡುಕವಿಲ್ಲ. ಎಣ್ಣೆ ಹಾಕುವ ಮುಚ್ಚಳ ತೆಗೆದು ಅಂಗೈ ಹಿಡಿದರೆ ಗಾಳಿಯ ಒತ್ತಡವೇ ಇಲ್ಲ. ಒಳಗೆ ರಿಂಗು, ಪಿಸ್ಟನ್ ಎಲ್ಲ ಗಟ್ಟಿ ಎಂದು ಅರ್ಥ. ಉಸ್ತಾದರು ಬದುಕಿದ್ದರೆ ಅದರ ಮುಂದೆ ಸಲಾಮು ಹೊಡೆಯುತ್ತಿದ್ದರು. ನಾನು ಸರ್ಕಾರಿ ಬಸ್ಸು ಹತ್ತಿ ನೇರ ಜಯಮ್ಮನ ಮನೆಗೆ ಓಡಿ, ಬಾಗಿಲಲ್ಲಿ ಮಂಚದ ಮೇಲಿದ್ದ ನಿಂಗವ್ವನ ಮುಂದೆ ಆ ಎಂಜಿನ್ನಿನ ಗುಣಗಾನ ಶುರು ಮಾಡಿದೆ. ಆಕೆ ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿದಳು.

"ಅಲ್ಲ ಕಣ್ಲಾ ಸಿದ್ದ, ಎಂಜಿನ್ ಮ್ಯಾಲೆ ಮಲಗ್ತೀನೇನ್ಲಾ ನಾನು? ಅದು ನಮ್ಮನೆ ಬಾಗ್ಲಿಗೆ ಬತ್ತದಾ, ಅದನ್ನೇಳು."

ನಾನು ಹೊರಗೆ ಬಂದು ಬೀದಿ ನೋಡಿದೆ. ಮುಖ್ಯ ರಸ್ತೆಯಿಂದ ಅವರ ಮನೆಗೆ ಬರುವ ಓಣಿಯಲ್ಲಿ ಹಾಲಿನ ಡೈರಿಯ ಹತ್ತಿರ ಒಂದು ಕಡಿದಾದ ತಿರುವು. ಒಂದು ಕಡೆ ಡೈರಿಯ ಗೋಡೆ, ಇನ್ನೊಂದು ಕಡೆ ನೀರಿನ ತೊಟ್ಟಿ. ಗಾಡಿ ಮುಖ್ಯ ರಸ್ತೆಯಲ್ಲೇ ನಿಂತರೆ ಪ್ರತಿ ಸಲವೂ ಮುರಿದ ಸೊಂಟದ ಮುದುಕಿಯನ್ನು ಕಂಬಳಿಯಲ್ಲಿ ಹೊತ್ತು ತರಬೇಕು. ಡಾಕ್ಟರು ಅದನ್ನೇ ಬೇಡ ಎಂದಿದ್ದರು.

ಆಗ ಹೊಳೆದದ್ದು ಹಗ್ಗದ ಗಾಡಿ. ಇದನ್ನು ನೀವು ಬರೆದಿಟ್ಟುಕೊಳ್ಳಿ, ಯಾವ ಕಂಪ್ಯೂಟರೂ ಹೇಳುವುದಿಲ್ಲ. ಬಸ್ಸು ಆ ತಿರುವು ದಾಟುತ್ತದೋ ನೋಡಲು ಎರಡು ಉದ್ದನೆಯ ಬಿದಿರ ಗಳ ತಂದು ಬಸ್ಸಿನ ಉದ್ದಕ್ಕೆ ಗುರುತು ಮಾಡಿ, ಅಗಲಕ್ಕೆ ಹಗ್ಗ ಕಟ್ಟಿದೆ. ನಾಲ್ಕು ಮೂಲೆಗೆ ನಾಲ್ಕು ಜನ. ಮುಂದಿನ ಬಲಗಡೆ ಶಿವಣ್ಣ, ಅವನೇ ಡ್ರೈವರು. ಮಿಕ್ಕ ಮೂವರು ನೆರೆಮನೆಯವರು. ಮುಖ್ಯ ರಸ್ತೆಯಿಂದ ಹಗ್ಗದ ಬಸ್ಸು ಹೊರಟಿತು. ಶಿವಣ್ಣ ಬಾಯಲ್ಲೇ ಹಾರನ್ ಹೊಡೆಯುತ್ತಿದ್ದ. ಊರಿಗೆ ಊರೇ ಜಗಲಿಗೆ ಬಂತು. ತಿರುವಿನಲ್ಲಿ ಹಿಂದಿನ ಇಬ್ಬರೂ ತೊಟ್ಟಿ ತಪ್ಪಿಸಲು ಸರಕ್ಕನೆ ಪಕ್ಕಕ್ಕೆ ಸರಿದರು.

"ಏಯ್, ಅಡ್ಡ ಎಜ್ಜೆ ಇಕ್ಬ್ಯಾಡಿ ಕಣ್ರಯ್ಯಾ!" ಎಂದು ಕೂಗಿದೆ. "ಇಂದಿನ ಚಕ್ರ ಪಕ್ಕಕ್ಕೆ ತಿರುಗಕಿಲ್ಲ! ಮುಂದಕ್ಕೆ ಇಲ್ಲ ಇಂದಕ್ಕೆ, ಅಷ್ಟೇಯಾ!"

ನ್ಯಾಯವಾಗಿ ನಡೆದಾಗ ಹಗ್ಗದ ಬಸ್ಸು ಡೈರಿಯ ಗೋಡೆಗೆ ಒರಗಿ ನಿಂತುಬಿಟ್ಟಿತು. ನನ್ನ ಆರು ಸಿಲಿಂಡರಿನ ಕನಸು ಅಲ್ಲಿಗೇ ಮುಗಿಯಿತು. ಹೊಟ್ಟೆಯುರಿಯಿತು, ಸುಳ್ಳು ಹೇಳುವುದಿಲ್ಲ. ಗಳದ ಗುರುತು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಂದು, ಹಗ್ಗ ಮರಳಿ ಕಟ್ಟಿ, ಮತ್ತೆ ಮುಖ್ಯ ರಸ್ತೆಯಿಂದ ಶುರು. ಮಧ್ಯಾಹ್ನದ ಹೊತ್ತಿಗೆ ಹಗ್ಗದ ಗಾಡಿಯೊಂದು ಗೋಡೆ ಮುಟ್ಟದೆ, ತೊಟ್ಟಿ ತಾಗದೆ, ತಿರುವು ದಾಟಿ ಜಯಮ್ಮನ ಬಾಗಿಲಿಗೆ ಬಂದು ನಿಂತಿತು. ಜನ ಚಪ್ಪಾಳೆ ಹೊಡೆದರು. ನಿಂಗವ್ವ ಮಂಚದ ಮೇಲಿಂದಲೇ ಕೈ ಚಾಚಿ ಹಗ್ಗ ಮುಟ್ಟಿ, "ನಿಲ್ಸೋ ಶಿವಾ, ಅತ್ಕತೀನಿ" ಎಂದಳು. ನಕ್ಕು ನಕ್ಕು ಜಯಮ್ಮನ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ಅದು ಬರೀ ನಗುವಿನ ನೀರಾಗಿ ಉಳಿಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಚಿಕ್ಕದೇ ಸಾಕಲ್ಲ ಎಂದು ನೀವು ಕೇಳಬಹುದು. ಮಾಗಡಿಯಲ್ಲಿ ಮೂರು ಸಿಲಿಂಡರಿನ ಒಂದು ಪುಟ್ಟ ವ್ಯಾನೂ ನೋಡಿದೆವು. ಓಣಿಯಲ್ಲಿ ಮೇಕೆಮರಿಯ ಹಾಗೆ ತಿರುಗುತ್ತಿತ್ತು. ಒಳಗೆ ಜಯಮ್ಮ ಎದ್ದು ನಿಂತರೆ ತಲೆ ಚಾವಣಿಗೆ ಬಡಿಯುತ್ತಿತ್ತು. ರೋಗಿಯ ಮಗ್ಗುಲು ಬದಲಿಸುವವಳು ನೆಟ್ಟಗೆ ನಿಲ್ಲುವುದಕ್ಕಾದರೂ ಆಗಬೇಡವೇ? ಮರದ ಮೂಟೆ ಹೇರಿ ಏರಿಗೆ ಬಿಟ್ಟರೆ ಒಂದನೇ ಗೇರಿನಲ್ಲೇ ಏದುಸಿರು. ಇನ್ನು ಮಂಗಳೂರಿನ ಘಟ್ಟ ಹತ್ತಿ ಬರುವುದೆಲ್ಲಿ? ಹಾಗಾಗಿ ಮನೆಗಾಡಿಗೆ ಅಳತೆ ಹೀಗೆ: ಉದ್ದವನ್ನು ನಿಮ್ಮ ಓಣಿ ಹೇಳಬೇಕು, ಎತ್ತರವನ್ನು ಒಳಗೆ ದುಡಿಯುವ ಹೆಂಗಸು ಹೇಳಬೇಕು. ಎಂಜಿನ್ನಿನ ಸರದಿ ಅದಾದ ಮೇಲೆ.

ನಮ್ಮ ಹಗ್ಗದ ಗಾಡಿಗೆ ಸರಿಯಾಗಿ ಹೊಂದಿದ್ದು ಕಾರ್ಖಾನೆಗಳಿಗೆ ಜನ ಹೊರುತ್ತಿದ್ದ ಎತ್ತರದ ಚಾವಣಿಯ ವ್ಯಾನು, ನಾಲ್ಕು ಸಿಲಿಂಡರಿನದು. ಆಗ ಅದರಲ್ಲೂ ಎರಡು ಜಾತಿ ಬಂದಿದ್ದವು. ಹಳೆಯದಕ್ಕೆ ಬರೀ ಮೆಕ್ಯಾನಿಕಲ್ ಪಂಪು. ಹೊಸದಕ್ಕೆ ಟರ್ಬೊ, ಕಂಪ್ಯೂಟರು, ಒಳ್ಳೇ ಎಳೆತ, ಕಮ್ಮಿ ಡೀಸೆಲ್. ದಿನಾ ಬಿಡದಿಗೆ ಹೋಗಿ ಬರುವವನಾದರೆ ಹೊಸದನ್ನೇ ಕೊಡಿಸುತ್ತಿದ್ದೆ. ಆದರೆ ಇವರು ಗೊತ್ತಿಲ್ಲದ ಊರಿನಲ್ಲಿ, ಎದ್ದು ಓಡಲಾಗದವಳನ್ನು ಕಟ್ಟಿಕೊಂಡು ನಿಲ್ಲುವವರು. ಆಗಿನ್ನೂ ಆ ಕಂಪ್ಯೂಟರು ಓದಬಲ್ಲವರು ಊರೂರಲ್ಲಿ ಇರಲಿಲ್ಲ. ಯಾವ ಸಣ್ಣ ಊರಿನ ಮೇಸ್ತ್ರಿಯಾದರೂ ಬಿಚ್ಚಿ ಕೂಡಿಸಬಲ್ಲ ಎಂಜಿನ್ನೇ ಇವರಿಗೆ ಸರಿ ಎಂದು ನಿರ್ಧರಿಸಿದೆ.

ಬ್ರೋಕರ್ ಪುಟ್ಟಸ್ವಾಮಿ ಅಂಥದ್ದೊಂದನ್ನು ಹೇಳಿದ. ಎಲ್ಲಿ ನೋಡುವುದು? ಇನ್ನೆಲ್ಲಿ, ಕೆಂಗಲ್! ಹೋದೆವು. ಮದುವೆ ಗಂಡಿನಂತೆ ಹಾರ ಹಾಕಿಕೊಂಡು ವ್ಯಾನು ನಿಂತಿತ್ತು. ಜಯಮ್ಮ ಕೆನ್ನೆ ಕೆನ್ನೆ ಬಡಿದುಕೊಂಡು, "ಇದೇ ಆಗ್ಲಿ ಸಿದ್ದಣ್ಣ, ಬಣ್ಣ ನೋಡಿ ಎಷ್ಟು ಲಕ್ಷಣವಾಗೈತೆ" ಎಂದಳು. ನಾನು ಪುಟ್ಟಸ್ವಾಮಿಯ ಕೈ ಹಿಡಿದು ಗುಡಿಯೊಳಗೆ ಎಳೆದೊಯ್ದೆ. ಪ್ರದಕ್ಷಿಣೆಯ ಮೇಲೆ ಪ್ರದಕ್ಷಿಣೆ.

"ಸಾಕು ಬುಡಣ್ಣ, ಕಾಲು ಬಿದ್ದೋಯ್ತವೆ" ಎಂದು ಗೋಗರೆದ.

"ಮಹಾಮಂಗಳಾರತಿ ಆಗ್ಲಿ ತಡ್ಯಪ್ಪ" ಎಂದೆ.

ಹೊರಗೆ ಬಂದು ಹಾರವನ್ನು ಅವನ ಕೊರಳಿಗೆ ಹಾಕಿ, ಬಾನೆಟ್ಟಿನ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಈಗ ಸ್ಟಾರ್ಟ್ ಮಾಡು ಎಂದೆ. ಸೆಲ್ಫು ಕೊರ್ ಕೊರ್ ಎಂದು ಎಳೆಯಿತು. ಬಹಳ ಹೊತ್ತು ಗೋಳಾಡಿ ಎದ್ದಾಗ ಹಿಂದಿನಿಂದ ನೀಲಿ ಹೊಗೆ ಧಗ್ಗನೆ ಬಂದು ಕಡಲೆಪುರಿ ಅಂಗಡಿಯನ್ನೇ ಮುಚ್ಚಿಬಿಟ್ಟಿತು. ಕಪ್ಪು ಹೊಗೆಯಾದರೆ ನಾಝಲ್ಲೋ ಪಂಪೋ, ಸರಿ ಮಾಡಬಹುದು. ನೀಲಿ ಹೊಗೆಯೆಂದರೆ ಎಂಜಿನ್ನು ತನ್ನ ಎಣ್ಣೆಯನ್ನು ತಾನೇ ಸುಟ್ಟುಕೊಳ್ಳುತ್ತಿದೆ. ಅಂಗಡಿಯವನು ಕೆಮ್ಮುತ್ತ ಹೊರಗೆ ಬಂದು ಪುಟ್ಟಸ್ವಾಮಿಗೆ ಬೈದ ಬೈಗುಳಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಜಯಮ್ಮನ ಮುಖ ಸಪ್ಪಗಾಯಿತು. "ಪ್ರದರ್ಶನ ಅತ್ರ ಬಂತಲ್ಲಣ್ಣ" ಎಂದಳು. ನನಗೆ ತಡೆಯಲಿಲ್ಲ. ಹಾರ ಹಾಕಿಕೊಂಡೇ ನಿಂತಿದ್ದ ಪುಟ್ಟಸ್ವಾಮಿಗೆ, "ಲೇ, ನಿಂಗೂ ಅವ್ವ ಅವ್ಳೆ ತಾನೆ? ಮಲಗಿರೋ ಮುದ್ಕೀಗೆ ಕಣ್ಲಾ ಈ ಗಾಡಿ" ಎಂದು ಎಲ್ಲ ಹೇಳಿದೆ. ಅವನು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಮೊದ್ಲೇ ಏಳದಲ್ವಾ? ಬಿಡದೀಲಿ ಒಂದೈತೆ, ನಂಗೇ ಅಂತ ಇಟ್ಕಂಡಿವ್ನಿ. ಬೆಳಿಗ್ಗೆ ಬನ್ನಿ, ನಾನು ಬೀಗದ್ ಕೈ ಮುಟ್ಟಿರಕಿಲ್ಲ" ಎಂದ.

ಬೆಳಿಗ್ಗೆ ಹೋದಾಗ ಗಾಜಿನ ಮೇಲೆ ಇಬ್ಬನಿ ಹಾಗೇ ಇತ್ತು. ಹಾರವಿಲ್ಲ, ಕುಂಕುಮವಿಲ್ಲ, ಬಣ್ಣ ಮಾಸಿದೆ. ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣುತ್ತಿತ್ತು. ಅದನ್ನು ಕಂಡು ನನಗೆ ಖುಷಿಯೇ ಆಯಿತು. ಮಾರುವುದಕ್ಕೆ ಮುಂಚೆ ಹೊಸ ರಬ್ಬರು ಹಾಕಿಸಿದವನ ಮೇಲೆ ನನಗೆ ಅನುಮಾನ. ಸೆಲ್ಫು ಕೊಟ್ಟೆ. ಒಂದು ಗೊಗ್ಗರು ಕೆಮ್ಮು, ಒಂಚೂರು ಬಿಳಿ ಹೊಗೆ, ಆಮೇಲೆ ಟಕಟಕಟಕ ಎಂದು ಒಂದೇ ಸಮನೆ ಶ್ರುತಿ. ಕಣ್ಣು ಮುಚ್ಚಿದೆ. ನಾಲ್ಕು ಸಿಲಿಂಡರುಗಳಲ್ಲಿ ಯಾವುದೂ ಅಳುತ್ತಿರಲಿಲ್ಲ. ಮುಚ್ಚಳ ತೆಗೆದು ಅಂಗೈ ಹಿಡಿದೆ, ಒತ್ತಡವಿಲ್ಲ. ಕುಣಿಯಬೇಕು ಅನ್ನಿಸಿತು. ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಿದ್ದೆ.

ಗಾಡಿ ಕೊಂಡು, ಸೀಟು ಕಿತ್ತು, ಸರ್ಕಾರಿ ಕಚೇರಿಯ ಅನುಮತಿ ಪಡೆದು, ಒಳಗೆ ಮಂಚ ಕೂಡಿಸುವ ಹೊತ್ತಿಗೆ ಇನ್ನೊಂದು ರಾಮಾಯಣ ಶುರುವಾಯಿತು. ನಿಂಗವ್ವನ ತಲೆ ಯಾವ ದಿಕ್ಕಿಗೆ? ಉತ್ತರಕ್ಕೆ ತಲೆ ಹಾಕಿ ಮಲಗಬಾರದು. ಶಿವಣ್ಣ ಪೂರ್ವ ಎಂದ, ಜಯಮ್ಮ ದಕ್ಷಿಣ ಎಂದಳು, ಗಾಡಿ ಮನೆ ಮುಂದೆ ನಿಂತ ರೀತಿ ನೋಡಿ ಬಡಗಿ ಗುರುತೂ ಹಾಕಿದ. ನಾನೂ ದೊಡ್ಡ ಮನುಷ್ಯನ ಹಾಗೆ ಸೂರ್ಯನನ್ನು ನೋಡಿ ದಕ್ಷಿಣವನ್ನೇ ಖಾತ್ರಿ ಮಾಡಿದೆ. ಮೊಳೆ ಹೊಡೆಯಬೇಕು ಅನ್ನುವಾಗ, ಇನ್ನೊಂದು ಮಂಚ ಒಳಗೆ ತರಲೆಂದು ಶಿವಣ್ಣ ಗಾಡಿಯನ್ನು ತಿರುಗಿಸಿ ನಿಲ್ಲಿಸಿದ. ದಕ್ಷಿಣ ಉತ್ತರವಾಯಿತು! ಎಲ್ಲರೂ ಬಾಯಿ ಬಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡಿದೆವು. ಒಂದು ಗಳಿಗೆಯಾದರೂ ಯಾರಿಗೂ ಹೊಳೆದಿರಲಿಲ್ಲ, ಗಾಡಿ ತಿರುಗುತ್ತದೆ ಎಂದು. ಗಾಡಿಯ ಕಸುಬಿನವನಿಗೂ!

ನಿಂಗವ್ವ ಬಾಗಿಲಿಂದ ಕೂಗಿದಳು: "ತಲೆ ಡ್ರೈವರ್ ಕಡೀಕೇ ಇರ್ಲಿ. ಗಾಡಿ ಎತ್ತಗೋಯ್ತದೋ ಅದೇ ನಂಗೆ ಪೂರ್ವ."

ಮಂಗಳೂರಿಗೆ ನಾನೂ ಹೋದೆ. ಕರೆಯದಿದ್ದರೂ ಹೋಗುತ್ತಿದ್ದೆ. ಶಿವಣ್ಣ ಗಾಡಿ ಓಡಿಸಿದ, ಪಕ್ಕದಲ್ಲಿ ನಾನು. ಕಣ್ಣು ರಸ್ತೆಯ ಮೇಲಿದ್ದರೂ ಕಿವಿಯೆಲ್ಲ ಎಂಜಿನ್ನಿನ ಮೇಲೆ. ಸಕಲೇಶಪುರಕ್ಕೆ ಮುಂಚಿನ ಏರಿನಲ್ಲಿ ತುಂಬು ಹೊರೆ ಹೊತ್ತು ಹತ್ತಿಸಿದೆವು. ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೊರಟಾಗ ಉಸಿರು ಹಿಡಿದೆ. ಅರ್ಧಕ್ಕೆ ನಿಂತಿತು, ಅಲ್ಲೇ ನಿಂತಿತು. ಹಿಂದಿನಿಂದ ನಿಂಗವ್ವನ ಮಾತು ಮಾತ್ರ ನಿಲ್ಲಲಿಲ್ಲ. ಹಿಂದಿನ ಗಾಜಿನಲ್ಲಿ ಕಳೆದುಹೋಗುವ ರಸ್ತೆಯನ್ನು ನೋಡುತ್ತ, ಬಂದ ಲಾರಿಗೆಲ್ಲ ಒಂದೊಂದು ಹೆಸರಿಡುತ್ತಿದ್ದಳು.

ಪ್ರದರ್ಶನದ ಮೈದಾನಕ್ಕೆ ಹೋಗುವ ಮುಂಚೆ ಸಮುದ್ರ ನೋಡಬೇಕು ಎಂದಳು. ಹುಟ್ಟಿದಂದಿನಿಂದ ಕಂಡಿರಲಿಲ್ಲವಂತೆ. ರಸ್ತೆ ಮುಗಿದು ಮರಳು ಶುರುವಾಗುವಲ್ಲಿಗೆ ಬಂದೆವು. ಮಲಗಿದವಳ ಮುಖ ಹಿಂಬದಿಗೆ. ಹಾಗಾಗಿ ಗಾಡಿಯ ಬೆನ್ನು ಕಡಲಿಗೆ ಆಗಬೇಕು. ನಾನು ಇಳಿದು ಹಿಂದೆ ನಿಂತು, ತಗಡು ಬಡಿಯುತ್ತ, "ಬರ್ಲಿ ಬರ್ಲಿ ಬರ್ಲಿ... ಒಸಿ ಎಡಕ್ಕೆ... ಬರ್ಲಿ... ನಿಲ್ಸು!" ಎಂದೆ. ಜಯಮ್ಮ ದಿಂಬಿಗೆ ಒರಗಿಸಿ ಕೂರಿಸಿದಳು. ಎರಡೂ ಬಾಗಿಲು ಒಟ್ಟಿಗೆ ತೆರೆದೆ.

ನಿಂಗವ್ವ ಕಣ್ಣು ಕಿರಿದು ಮಾಡಿ ನೀರನ್ನು ನೋಡಿದಳು. ಬಿಸಿಲು ಚೆನ್ನಾಗಿತ್ತು. ನಾವು ಮೂವರೂ ಕಡಲು ನೋಡುವುದು ಬಿಟ್ಟು ಆಕೆಯ ಮುಖವನ್ನೇ ನೋಡುತ್ತಿದ್ದೆವು. ತುಟಿ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡು ನಾನು ಹತ್ತಿರ ಹೋಗಿ ಬಗ್ಗಿದೆ.

"ನೀಲಿ... ಅದ್ಕೆ ಚೂರೇ ಚೂರು ಅರಿಶಿನ... ಇಲ್ಲ, ಅಷ್ಟು ಬ್ಯಾಡ..." ಎನ್ನುತ್ತಿದ್ದಳು.

ಆಮೇಲೆ ಸೊಸೆಯ ಕಡೆ ತಿರುಗಿ, ಮನೆಯಲ್ಲಿ ಗದರುವ ದನಿಯಲ್ಲೇ ಗದರಿದಳು.

"ಏನವ್ವ ಜಯಾ, ನನ್ ಮಖ ನೋಡ್ಕಂಡು ನಿಂತಿದ್ದೀಯೆ? ಇದ್ಲು ಹಚ್ಚು. ಅರಗು ತತ್ತಾ. ಈ ಬಣ್ಣ ಹೊರಟೋಗ ಮುಂಚೆ ಕಡ್ಡಿ ಮಾಡ್ಕಬೇಕು."